ಪ್ರೇಮಣ್ಣನ ಕಾಣೆ ಕಾರಣಗಳು

ಕುಂದಾಪುರದ ವರ್ತಕರ ಸಭೆಯಲ್ಲಿ ಪ್ರೇಮಾನಂದ ಮೈಕಿನ ಮುಂದೆ ನಿಂತು, ತನ್ನ ಕಂಪನಿ ಒಂದು ಮೀನಿನ ಆಪನ್ನು ಯಾಕೆ ಕೊಂಡುಕೊಳ್ಳಲಿಲ್ಲ ಎಂದು ವಿವರಿಸುತ್ತಿದ್ದ. ಯಾರೂ ಕೇಳಿರಲಿಲ್ಲ. ಅವನಿಗೆ ಕೊಟ್ಟ ವಿಷಯ ‘ಗ್ರಾಹಕರ ತೃಪ್ತಿ’. ಆದರೆ ಎರಡು ವರ್ಷದಿಂದ ಅವನ ಮಾತು ಎಲ್ಲಿಂದ ಹೊರಟರೂ, ಸಂಜೆಯ ದನ ಕೊಟ್ಟಿಗೆ ಹುಡುಕಿಕೊಂಡು ಬಂದ ಹಾಗೆ, ಆ ಆಪಿನ ಬಾಗಿಲಿಗೇ ಬಂದು ನಿಲ್ಲುತ್ತದೆ.

“ಅದು ಕೈತಪ್ಪಿದ್ದಲ್ಲ, ನಾವೇ ಕೈಬಿಟ್ಟದ್ದು,” ಎಂದ. “ಮೀನು ಬೇಕಾದವನಿಗೆ ಆಪ್ ಎಂತಕ್ಕೆ? ಮೂಗಿದ್ದರೆ ಸಾಕು. ನಾನಂತೂ ಅದನ್ನು ಫೋನಿಗೆ ಹಾಕಿಕೊಂಡೂ ಇಲ್ಲ.”

ಅವನ ಬೆನ್ನ ಹಿಂದಿನ ಪರದೆಯಲ್ಲಿ ತೃಪ್ತ ಗ್ರಾಹಕರ ಗ್ರಾಫು ಮೇಲಕ್ಕೆ ಏರುತ್ತಿತ್ತು. ಗ್ರಾಫು ಬರುತ್ತಿದ್ದದ್ದು ಅವನ ಫೋನಿನಿಂದ. ಟಿಣ್ ಎಂದಿತು. ಗ್ರಾಫಿನ ನೆತ್ತಿಯ ಮೇಲೆ ಒಂದು ಪಟ್ಟಿ ಇಳಿಯಿತು: ‘ಪ್ರೇಮಾನಂದ ಅವರೇ, ನೀವು ಕೇಳಿದ್ದ ಕಾಣೆ ಗಂಗೊಳ್ಳಿಗೆ ಬಂದಿತ್ತ್. ಬೇಗ ಬನಿ.’

ಉಳಿದ ಕರ್ನಾಟಕದಲ್ಲಿ ಕಾಣೆಯಾದವರನ್ನು ಪೊಲೀಸರು ಹುಡುಕುತ್ತಾರೆ. ನಮ್ಮ ಕರಾವಳಿಯಲ್ಲಿ ಕಾಣೆ ಎಂದರೆ ಮೀನು, ಹುಡುಕುವವರು ನಾವೇ, ವಿಚಾರಣೆ ಬಾಣಲೆಯಲ್ಲಿ.

ಹಿಂದಿನ ಸಾಲಿನಿಂದ ಒಬ್ಬರು ಕೂಗಿದರು: “ಹ್ವಾಯ್ ಪ್ರೇಮಣ್ಣ, ಭಾಷಣ ಆಮೇಲೂ ಮಾಡ್ಲಕ್ಕ್. ಕಾಣೆ ಕಾಲಿ ಆತ್, ಕಾಣಿ.”

ಸಭೆ ನಕ್ಕಿತು. ಪ್ರೇಮಣ್ಣ ಗಾಬರಿಯಲ್ಲಿ ಕೈಗೆ ಸಿಕ್ಕ ವಯರನ್ನು ಎಳೆದ. ಪರದೆಯ ಜೊತೆಗೆ ಮೈಕೂ ಹೋಯಿತು. ಕತ್ತಲಾದ ವೇದಿಕೆಯ ಮೇಲೆ ಅವನ ಬಾಯಿ ಮಾತ್ರ ಆಡುತ್ತಿತ್ತು. “ನೆಟ್ ಹೋಯ್ತ್ ಕಾಂತ್,” ಎಂದು ಅದೇ ಹಿಂದಿನ ಸಾಲು ಹೇಳಿತು. ಅವನ ಗ್ರಾಹಕರು ದಿನಾ ಅವನಿಗೆ ಹೇಳುವ ಮಾತು ಅದು.

ಪ್ರೇಮಣ್ಣನ ಅಪ್ಪ ಗಂಗೊಳ್ಳಿಯಲ್ಲಿ ಮೀನು ಹಿಡಿಯುವ ಬಲೆ ಮಾರುತ್ತಿದ್ದರು. ಮಗ ಕುಂದಾಪುರದಲ್ಲಿ ಅಂತರ್ಜಾಲ ಮಾರುತ್ತಾನೆ. ಎರಡರಲ್ಲೂ ದಾರಕ್ಕಿಂತ ತೂತೇ ಹೆಚ್ಚು ಎಂಬುದು ಊರಿನ ಕುಹಕ. ಮೊದಲು ಕೇಬಲ್ ಟಿವಿ ಇತ್ತು, ಆಮೇಲೆ ಬ್ರಾಡ್‌ಬ್ಯಾಂಡ್ ಬಂತು. ಅಪ್ಪನ ನೆನಪಿಗೆ ಕಂಪನಿಗೆ ‘ಬಲೆ ನೆಟ್‌ವರ್ಕ್ಸ್’ ಎಂದು ಹೆಸರಿಟ್ಟ. ಬಲೆಯ ಪಕ್ಕದಲ್ಲಿ ಮತ್ತೆ ನೆಟ್ ಯಾಕೆ ಎಂದು ಕೇಳಿದರೆ, “ಒಂದರಲ್ಲಿ ತಪ್ಪಿಸ್ಕಂಡದ್ದ್ ಇನ್ನೊಂದ್ರಲ್ಲಿ ಸಿಕ್ಕತ್,” ಎಂದ. ಬ್ರಹ್ಮಾವರದಲ್ಲಿ ಬೋರ್ಡು ಏರಿಸಿದಾಗ ಅಲ್ಲಿಯ ತುಳು ಮಾತಿನವರು ಅದನ್ನು ಬೇರೆ ರೀತಿ ಓದಿಕೊಂಡರು. ತುಳುವಿನಲ್ಲಿ ‘ಬಲೆ’ ಎಂದರೆ ಬನ್ನಿ. ಇಷ್ಟು ಮರ್ಯಾದೆಯಿಂದ ಕರೆಯುವ ಅಂಗಡಿ ಯಾವುದು ಎಂದು ನೋಡಲು ಬಂದವರಲ್ಲಿ ಎಷ್ಟೋ ಜನ ಕನೆಕ್ಷನ್ ತೆಗೆದುಕೊಂಡೇ ಹೋದರು. ಒಂದು ಮಾತನ್ನು ಎರಡು ಕಡೆಯವರು ಎರಡು ಥರ ತಿಳಿದುಕೊಂಡು ಪ್ರೇಮಣ್ಣನಿಗೆ ಲಾಭವಾದದ್ದು ಅದೊಂದೇ ಸಲ.

ಅವನೂ ನಾನೂ ಒಂದೇ ಕಾನ್ವೆಂಟಿನ ಒಂದೇ ಬೆಂಚಿನವರು. ಸಿಸ್ಟರ್ ನಮಗೆ ಟೆನ್ಸ್ ಕಲಿಸಿದರು, ಅವನು ಸಿಸ್ಟರಿಗೆ ಟೆನ್ಶನ್ ಕಲಿಸಿದ. ಆಗಲೂ ಕೂತಲ್ಲಿ ಕೂತವನಲ್ಲ. ಈಗಂತೂ ಎರಡು ಫೋನು, ಒಂದು ಕೀಲಿಗೊಂಚಲು. ಕೂತರೆ ಕುರ್ಚಿಯ ತುದಿಯಲ್ಲಿ, ಇನ್ನೇನು ಬಸ್ಸು ಬಂತು ಎನ್ನುವವನ ಹಾಗೆ. ಫೋನು ಬಂದರೆ ಮಾತಾಡುತ್ತ ಶಾಸ್ತ್ರಿ ಸರ್ಕಲ್‌ನಿಂದ ಸಂಗಮ್ ತನಕ ನಡೆದುಬಿಡುತ್ತಾನೆ, ಮಾತು ಮುಗಿದ ಮೇಲೆ ತಾನು ಅಲ್ಲಿಗೆ ಬಂದದ್ದು ಯಾಕೆ ಎಂದು ಸುತ್ತ ನೋಡುತ್ತಾನೆ. ಇಷ್ಟು ಓಡಾಡುವ ಮನುಷ್ಯ ವ್ಯವಹಾರದಲ್ಲಿ ಮಾತ್ರ ನಿಂತ ನೀರು, ಅದೂ ಅವನ ಅಪ್ಪನ ಬಾವಿಯ ನೀರು.

ಅಪ್ಪನಿಂದ ಅವನಿಗೆ ಎರಡು ಆಸ್ತಿ ಬಂದಿವೆ. ಒಂದು ಕಾಣೆ. ವ್ಯವಹಾರ ಕುದುರಿತು ಎಂದರೆ ಎದುರಿನವರನ್ನು ಮನೆಗೆ ಕರೆದು, ಕಾಣೆ ಹುರಿದು ಬಡಿಸಬೇಕು. ಸಹಿ ಅದಾದ ಮೇಲೆ. ಇನ್ನೊಂದು ‘ಕಾಂಬ’ ಎಂಬ ಮಾತು.

ಕಾಂಬ ಎಂದರೆ ನೋಡೋಣ. ಇಷ್ಟು ಹೇಳಿದರೆ ಅರ್ಥವಾಯಿತು ಎಂದುಕೊಳ್ಳಬೇಡಿ. ಕುಂದಾಪುರದಲ್ಲಿ ಆಗಲಿ ಎನ್ನಲು ‘ಅಕ್ಕ್’ ಇದೆ, ಬೇಡ ಎನ್ನಲು ‘ಬ್ಯಾಡ’ ಇದೆ. ಎರಡನ್ನೂ ಬಾಯಿಬಿಟ್ಟು ಹೇಳಲು ನಮಗೆ ದಾಕ್ಷಿಣ್ಯ. ಆದ್ದರಿಂದ ಊರಿನ ಮುಕ್ಕಾಲು ಸಂಸಾರ ಕಾಂಬದ ಮೇಲೆ ನಡೆಯುತ್ತದೆ. ಮೀನು ಬುಟ್ಟಿಯ ಮುಂದೆ ಬಗ್ಗಿ, ರೇಟು ಕೇಳಿ, ‘ಕಾಂಬ’ ಎಂದು ಎದ್ದವರು ಆ ಬುಟ್ಟಿಗೆ ಮತ್ತೆ ಬಂದದ್ದನ್ನು ಯಾರೂ ಕಂಡಿಲ್ಲ. ಪ್ರೇಮಣ್ಣನ ಅಪ್ಪನ ಅಂಗಡಿಯಲ್ಲಿ ಮಾತ್ರ ಅದು ತಿರುಗಾಮುರುಗಾ. ಹೊಸ ಬಲೆ ಕೇಳಲು ಬಂದ ದೋಣಿಯವರಿಗೆ ಅವರು ‘ಕಾಂಬ’ ಎಂದರೆ ಬಲೆ ಸಿಕ್ಕಿದ ಲೆಕ್ಕ, ನಾಳೆ ಬಂದು ಹೊತ್ತುಕೊಂಡು ಹೋಗುವುದಷ್ಟೇ ಬಾಕಿ. ಮಗನದ್ದೂ ಅದೇ ಪಾಠ. ಲೈನ್‌ಮನ್ ಕರಿಯ ರಜೆ ಕೇಳಿದಾಗ ಪ್ರೇಮಣ್ಣ ‘ಕಾಂಬ’ ಎಂದರೆ ಕರಿಯ ಆಗಲೇ ಬೈಂದೂರಿನ ಬಸ್ಸು ಹತ್ತಿರುತ್ತಾನೆ. ಹೆಂಡತಿ ಪುಷ್ಪಾಳಿಗೂ ಇದು ಗೊತ್ತು. ಇವನು ಅವಳನ್ನು ನೋಡಲು ಹೋದ ದಿನ ಒಪ್ಪಿಗೆಯಾ ಎಂದು ಕೇಳಿದ್ದಕ್ಕೂ ‘ಕಾಂಬ’ ಎಂದಿದ್ದನಂತೆ. ಅವಳ ಅಪ್ಪ ಬೇರೆ ಗಂಡು ಹುಡುಕಲು ಹೊರಟಿದ್ದರಂತೆ.

ಇನ್ನು ಆಪಿನ ವಿಷಯ. ಗಂಗೊಳ್ಳಿಯ ಜಲಜಕ್ಕ ಬುಟ್ಟಿ ಹೊತ್ತು ಮನೆಮನೆಗೆ ಮೀನು ಕೊಡುತ್ತಿದ್ದವರು. ಯಾರಿಗೆ ಬಂಗುಡೆ, ಯಾರಿಗೆ ಬೂತಾಯಿ ಎಂಬುದೆಲ್ಲ ಅವರ ತಲೆಯಲ್ಲಿತ್ತು. ತಲೆಯ ಮೇಲೂ ಇತ್ತು. ಅವರ ಮಗಳು ಪೂಜಿತಾ ಅದನ್ನು ಫೋನಿಗಿಳಿಸಿದಳು. ಬೋಟು ದಡಕ್ಕೆ ಬರುವ ಮೊದಲೇ ಅದರಲ್ಲಿ ಯಾವ ಮೀನಿದೆ ಎಂದು ಬೇಕಾದವರ ಫೋನಿಗೆ ಸುದ್ದಿ ಹೋಗುತ್ತಿತ್ತು. ಆಪಿಗೆ ಅವಳಿಟ್ಟ ಹೆಸರು ‘ಎಂತ’. ಮೀನಿನವರು ಬಂದಾಗ ನಮ್ಮ ಅಂಗಳದಿಂದ ಏಳುವ ಮೊದಲ ಪ್ರಶ್ನೆ ಅದೇ ತಾನೆ, ‘ಎಂತ ಇತ್ತ್?’, ಏನಿದೆ ಎಂದು.

ಅದನ್ನು ದೊಡ್ಡದು ಮಾಡಲು ಅವಳಲ್ಲಿ ಬಲವಿರಲಿಲ್ಲ. ಬಲೆ ಇದ್ದವನ ಹತ್ತಿರ ಬಂದಳು. ಕಂಪನಿ ಆಪನ್ನು ಕೊಂಡುಕೊಂಡು, ತನ್ನನ್ನೇ ಅದನ್ನು ನಡೆಸಲು ಇಟ್ಟುಕೊಂಡರೆ ಸಾಕು ಎಂದು ಅವಳ ಬೇಡಿಕೆ. ಅವತ್ತು ನಾನು ಮನೆಯ ನೆಟ್ ಹೋಯಿತೆಂದು ದೂರು ಕೊಡಲು ಹೋಗಿ ಪ್ರೇಮಣ್ಣನ ಆಫೀಸಿನ ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಬಾಗಿಲು ಅರ್ಧ ತೆರೆದಿತ್ತು. ಕಿವಿ ಪೂರ್ತಿ ತೆರೆದಿತ್ತು.

“ಆಪಿನ ಹೆಸ್ರ್ ಎಂತ?” ಪ್ರೇಮಣ್ಣನ ದನಿ.

“ಎಂತ.”

“ಹೆಸ್ರ್ ಕೇಂಡದ್ದ್, ಮಾರಾಯ್ತಿ.”

“ಅದೇ ಪ್ರೇಮಣ್ಣ. ಎಂತ.”

“ಎಂತ ಅಂದೇಳಿ ನಾ ಹೇಳುದಾ? ಆಪ್ ನಿಂದಲ್ದಾ?”

“ನಂದೇ. ಹೆಸ್ರ್ ಎಂತ.”

“ಇದ್ ಎಂತ ಗ್ರಾಚಾರ,” ಎಂದ ಪ್ರೇಮಣ್ಣ. ಅವಳು ಫೋನು ತೆರೆದು ತೋರಿಸಿರಬೇಕು, ಆಮೇಲೆ ಅವನು ನಕ್ಕದ್ದು ಕೇಳಿಸಿತು. ಬಹಳ ಹೊತ್ತು ಪ್ರಶ್ನೆ, ಉತ್ತರ ನಡೆಯಿತು. ಕೊನೆಗೆ ಪೂಜಿತಾ, “ಹಂಗಾರೆ ತಕಂತ್ರ್ಯಾ, ಪ್ರೇಮಣ್ಣ?” ಎಂದು ಕೇಳುವ ಹೊತ್ತಿಗೆ ಸರಿಯಾಗಿ ಕರಿಯ ಹೊರಗೋಡೆಗೆ ಡ್ರಿಲ್ ಹಾಕಿದ. ಗೋಡೆಯ ಜೊತೆ ನನ್ನ ಕುತೂಹಲಕ್ಕೂ ತೂತು ಬಿತ್ತು.

ಡ್ರಿಲ್ ನಿಂತಾಗ ಪೂಜಿತಾ ಹೊರಗೆ ಬಂದಿದ್ದಳು. ಸಂಜೆ ತನಕ ತಿರುಗಿಯೂ ತುಂಬಿದ ಬುಟ್ಟಿಯನ್ನೇ ವಾಪಸು ತಂದವರ ಮುಖ. “ಬತ್ತೆ ಅಕಾ,” ಎಂದು ಹೋದಳು. ಪ್ರೇಮಣ್ಣ ಮಾತ್ರ ಭಾರಿ ಹುರುಪಿನಲ್ಲಿದ್ದ. ನನ್ನ ದೂರನ್ನೂ ನಗುನಗುತ್ತ ಕೇಳಿದ, ಅವತ್ತೇ ಸರಿಮಾಡಿಸಿದ. ಹುಡುಗಿಯನ್ನು ಬರಿಗೈಯಲ್ಲಿ ಕಳಿಸಿ ಇಷ್ಟು ಸಂತೋಷಪಡುತ್ತಾನಲ್ಲ ಎಂದು ನನಗೆ ಸ್ವಲ್ಪ ಬೇಜಾರೇ ಆಯಿತು.

ಮಳೆಗಾಲ ಮುಗಿಯುವುದರೊಳಗೆ ಕೊಚ್ಚಿಯ ಒಂದು ಕಂಪನಿ ‘ಎಂತ’ವನ್ನು ಕೊಂಡುಕೊಂಡಿತು. ಈಗ ಕಾರವಾರದಿಂದ ಕೇರಳದ ತನಕ ಅದರದ್ದೇ ಟಿಣ್ ಟಿಣ್. ಪೂಜಿತಾಳಿಗೂ ಅಲ್ಲಿ ದೊಡ್ಡ ಹುದ್ದೆ. ಪ್ರೇಮಣ್ಣನ ಕಾರಣಗಳು ಹುಟ್ಟಿದ್ದು ಅವತ್ತಿನಿಂದ.

ಬೈಂದೂರಿನಲ್ಲಿ ಬಸ್ಸಿನವರು ಸಿಕ್ಕಿದರೆ, “ನಾವು ರಸ್ತೆ ಮಾಡುವವರು, ಬಸ್ಸು ಓಡಿಸುವವರಲ್ಲ,” ಎನ್ನುತ್ತಿದ್ದ. ಅಮಾಸೆಬೈಲಿನ ಬೆಳೆಗಾರರ ಹತ್ತಿರ ಅದು ‘ಎಳೆ ಫಸಲು’ ಆಯಿತು. ತೆಕ್ಕಟ್ಟೆಯ ಒಂದು ಮದುವೆಯಲ್ಲಿ ‘ಅದರಲ್ಲಿ ಎನರ್ಜಿ ಇತ್ತು, ಸಿನರ್ಜಿ ಇರಲಿಲ್ಲ’ ಎಂದ. ಪಂಕ್ತಿಯಲ್ಲಿ ಪಕ್ಕದವರು ಅದು ಯಾವುದೋ ಅಲರ್ಜಿ ಎಂದು ತಿಳಿದು ಅವನ ಎಲೆಗೆ ಸಿಗಡಿ ಬಡಿಸದಂತೆ ಕೈ ಅಡ್ಡ ಹಿಡಿದರು. ಬ್ರಹ್ಮಾವರದಲ್ಲಿ “ಅದು ನಮ್ಮ ಕೋರ್ ಬಿಸಿನೆಸ್ ಅಲ್ಲ,” ಎಂದದ್ದಕ್ಕೆ ಒಬ್ಬ ಹಿರಿಯರು ಬಹಳ ಗಂಭೀರವಾಗಿ ತಲೆಯಾಡಿಸಿ, “ಅಂದ್ ಅಂದ್, ಕೋರಿದ ಬಿಸಿನೆಸ್ ಅತ್ತ್, ಮೀನ್‌ದ ಬಿಸಿನೆಸ್,” ಎಂದರು. ತುಳುವಿನಲ್ಲಿ ಅತ್ತ್ ಎಂದರೆ ಅಲ್ಲ, ಕೋರಿ ಎಂದರೆ ಕೋಳಿ.

ಈ ಭಾಷೆಯನ್ನೆಲ್ಲ ಅವನು ಕಲಿತದ್ದು ಫೋನಿನ ವಿಡಿಯೋಗಳಿಂದ. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳ ಯಜಮಾನರು, ಅಗ್ಗಕ್ಕೆ ಸಿಗುತ್ತಿದ್ದ ಚಿಕ್ಕ ಕಂಪನಿಗಳನ್ನು ತಾವು ಬಿಟ್ಟದ್ದು ಯಾಕೆಂದು ಕಾಲಮೇಲೆ ಕಾಲು ಹಾಕಿ ಹೇಳುವ ವಿಡಿಯೋಗಳು. ನನಗೂ ಒಂದಷ್ಟು ತೋರಿಸಿದ್ದ. ಅವರಲ್ಲಿ ಯಾರೂ ‘ತಪ್ಪಾಯಿತು’ ಎನ್ನುವುದಿಲ್ಲ, ‘ಕಲಿತೆವು’ ಎನ್ನುತ್ತಾರೆ. ಕಂಪನಿ ಸರಿ ಇತ್ತು, ಕಾಲ ಸರಿ ಇರಲಿಲ್ಲ ಎನ್ನುತ್ತಾರೆ. ಪ್ರೇಮಣ್ಣನಿಗೆ ಆ ಕಾಲಮೇಲೆ ಕಾಲು ಮಾತ್ರ ಬರಲಿಲ್ಲ. ಒಂದು ಕಾಲು ಏರುವಷ್ಟರಲ್ಲಿ ಇನ್ನೊಂದು ಹೊರಟು ನಿಂತಿರುತ್ತಿತ್ತು.

ಹಾಗೆಂದು ನಗುತ್ತಾ ಕೂರುವ ಕಾಲವೂ ಕಳೆಯಿತು. ಈ ವರ್ಷ ದೊಡ್ಡ ಕಂಪನಿಗಳ ತಂತಿ ಊರೂರಿಗೆ ಬಂತು. ಬೈಂದೂರು ಕಡೆಯ ಗ್ರಾಹಕರು ಮೊದಲು ಹೋದರು, ತೆಕ್ಕಟ್ಟೆಯವರು ಹಿಂದೆಯೇ ಹೋದರು. ಮರ್ಯಾದೆಯಿಂದ ಕರೆಸಿಕೊಂಡ ಬ್ರಹ್ಮಾವರದವರು ಮರ್ಯಾದೆಯಿಂದಲೇ ಹೊರಟರು. ಪ್ರೇಮಣ್ಣ ಹಗಲೆಲ್ಲ ಬೈಕಿನಲ್ಲಿ ಒಂದು ಕಂಬದಿಂದ ಇನ್ನೊಂದಕ್ಕೆ ಅಲೆದು, ತನ್ನ ತಂತಿಯ ಮೇಲೆ ಬಿದ್ದ ಬೇರೆಯವರ ತಂತಿಯನ್ನು ತಲೆಯೆತ್ತಿ ನೋಡುತ್ತಿದ್ದ. ಕೇಬಲ್ ಟಿವಿಯ ಕಾಲದಿಂದ ಅವನ ಜೊತೆಗಿದ್ದ ಕರಿಯ ಒಂದು ದಿನ ಏಣಿ ಇಳಿದು ಬಂದು ಎದುರಿಗೇ ಕೇಳಿದ:

“ಪ್ರೇಮಣ್ಣ, ನಾವ್ ಇನ್ನೂ ಕಂಬ ಹತ್ತುದಾ, ಬೇರೆ ಕೆಲ್ಸ ಕಾಂಬುದಾ?”

ಪ್ರೇಮಣ್ಣ ಬೈಕು ಹತ್ತಿ ಮುಂದಿನ ಕಂಬಕ್ಕೆ ಹೊರಟ.

ಆಗ ಬಂತು ಕೊಚ್ಚಿಯ ಕಂಪನಿಯ ಫೋನು. ಮೀನಿನ ಸುದ್ದಿ ಕಳಿಸುತ್ತಿದ್ದವರಿಗೆ ಈಗ ಕರಾವಳಿಯುದ್ದಕ್ಕೂ ಸ್ವಂತ ತಂತಿ ಬೇಕಂತೆ. ಬೈಂದೂರಿನಿಂದ ಬ್ರಹ್ಮಾವರದ ತನಕ ಇರುವ ಬಲೆಯನ್ನು ಕೊಂಡುಕೊಳ್ಳುತ್ತಾರಂತೆ, ಲೈನ್‌ಮನ್‌ಗಳನ್ನು ಹಾಗೆಯೇ ಇಟ್ಟುಕೊಳ್ಳುತ್ತಾರಂತೆ. ಆಗದಿದ್ದರೆ ತಮ್ಮದೇ ಜನ ತಂದು ತಮ್ಮದೇ ಕಂಬ ನೆಡುತ್ತಾರಂತೆ. ಮಾತುಕತೆಗೆ ಬರುವವಳು ಪೂಜಿತಾ.

ಎರಡನೇ ಸಲ ಬಾಗಿಲು ತಟ್ಟಿದ ಅದೃಷ್ಟಕ್ಕೆ ಅದೇ ಹುಡುಗಿಯ ಕೈ ಇದ್ದದ್ದು ಪ್ರೇಮಣ್ಣನನ್ನು ಕಂಗೆಡಿಸಿತು. ಪುಷ್ಪಾ ನನ್ನ ಎದುರಿಗೇ ಹೇಳಿದಳು: “ಈ ಸಲ ಬಾಯಿ ಬಿಟ್ ಹೇಳಿ. ಅಕ್ಕಾದ್ರೆ ಅಕ್ಕ್, ಬ್ಯಾಡಾದ್ರೆ ಬ್ಯಾಡ. ಕರಿಯನ ಮನೆಯಗೂ ಒಲೆ ಉರಿಯುಕಲೆ.”

“ಅವ್ಳ್ ಹಳೇದ್ ಕೇಂಡ್ರೆ?” ಎಂದ ಪ್ರೇಮಣ್ಣ. ಕೀಲಿಗೊಂಚಲು ಒಂದು ಕೈಯಿಂದ ಇನ್ನೊಂದಕ್ಕೆ ಹೋಯಿತು.

“ಇದ್ದದ್ ಹೇಳಿ.”

“ಇದ್ದದ್ ಹೇಳ್ರೆ ಕಂಪನಿ ಮರ್ಯಾದಿ ಉಳಿತಾ?”

ಇದ್ದದ್ದು ಏನೆಂದು ಅವಳೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅಷ್ಟು ಕಾರಣಗಳನ್ನು ಕೇಳಿದ ಮೇಲೆ, ಅವುಗಳ ಹಿಂದೆ ಇನ್ನೊಂದು ಇರಬಹುದು ಎಂದು ಯಾರಿಗೆ ಹೊಳೆಯುತ್ತದೆ?

ಅವನಿಗೆ ಬೇಕಾದದ್ದು ಇಂಗ್ಲಿಷಿನಲ್ಲಿ ಒಂದು ಉತ್ತರ. ಕನ್ನಡದಲ್ಲಿ ಹೇಳಿದರೆ ಅವಳಿಗೆ ಅರ್ಥವಾಗಿಬಿಡುತ್ತದೆ ಎಂಬ ಭಯ. ಕಾನ್ವೆಂಟಿನ ಋಣಕ್ಕೆ ಕಟ್ಟುಬಿದ್ದು ನಾನೇ ಬರೆದುಕೊಟ್ಟೆ. ‘ಆ ಹಂತದಲ್ಲಿ ನಮ್ಮ ಆದ್ಯತೆಗಳು ಬೇರೆಯಾಗಿದ್ದವು’ ಎಂಬಲ್ಲಿಂದ ಹೊರಟು, ‘ಆ ಪ್ರಯಾಣವನ್ನು ನಾವು ಗೌರವದಿಂದ ನೋಡುತ್ತೇವೆ’ ಎಂಬಲ್ಲಿ ಬಂದು ನಿಲ್ಲುವ ಇಂಗ್ಲಿಷು. ಮಧ್ಯದಲ್ಲಿ ಏನೂ ಇರಲಿಲ್ಲ, ಅದೇ ಅದರ ಸೊಗಸು. ಪ್ರೇಮಣ್ಣ ಅದನ್ನು ಕೋಡಿಯ ಸಮುದ್ರದ ದಂಡೆಯಲ್ಲಿ ನಡೆಯುತ್ತ ಬಾಯಿಪಾಠ ಮಾಡಿದ. ಅಲೆ ಬಂದಾಗ ಹಿಂದೆ ಸರಿಯುತ್ತಿದ್ದ, ವಾಕ್ಯವೂ ಹಿಂದಕ್ಕೆ ಹೋಗುತ್ತಿತ್ತು. ಮತ್ತೆ ಮೊದಲಿನಿಂದ. ಎರಡು ಸಲ ಫೋನು ಮಾಡಿ, “‘ಆದ್ಯತೆ’ಗೆ ಎಂತ ಹೇಳಿದ್ದೆ ಮಾರಾಯ್ತಿ?” ಎಂದು ಕೇಳಿದ.

ಪೂಜಿತಾ ಬಂದದ್ದು ಅಮ್ಮನ ಸ್ಕೂಟರಿನಲ್ಲಿ. ದೊಡ್ಡ ಕಾರನ್ನು ನಿರೀಕ್ಷಿಸಿ ಪ್ರೇಮಣ್ಣ ಆಫೀಸಿನ ಗೇಟಿನ ಹೊರಗೆ ನಿಲ್ಲಿಸಿದ್ದ ಬೈಕುಗಳನ್ನೆಲ್ಲ ಬೆಳಿಗ್ಗೆಯೇ ತೆಗೆಸಿದ್ದ. ಅವಳು ಖಾಲಿ ಜಾಗದ ನಡುವೆ ಸ್ಕೂಟರು ನಿಲ್ಲಿಸಿ, “ಪ್ರೇಮಣ್ಣ, ಒಳ್ಳೇ ಇದ್ರ್ಯಾ?” ಎಂದು ಒಳಗೆ ಬಂದಳು. ಇಂಗ್ಲಿಷಿಗೆ ಒತ್ತಾಸೆಯಾಗಿ ನಾನೂ ಮೂಲೆಯಲ್ಲಿ ಕೂತಿದ್ದೆ. ಪುಷ್ಪಾ ಚಾ ತಂದಿಟ್ಟು ಬಾಗಿಲ ಹತ್ತಿರ ನಿಂತಳು. ಕರಿಯ ಹೊರಗೋಡೆಯ ಹತ್ತಿರ ಏಣಿ ಹಿಡಿದು ನಿಂತಿದ್ದ. ಹತ್ತಲೂ ಇಲ್ಲ, ಇಳಿಸಲೂ ಇಲ್ಲ.

ವ್ಯವಹಾರದ ಮಾತು ಬೇಗ ಮುಗಿಯಿತು. ಅವಳು ಲ್ಯಾಪ್‌ಟಾಪಿನಲ್ಲಿ ತೋರಿಸಿದಳು, ಅವನು ಕುರ್ಚಿಯ ತುದಿಯಿಂದ ನೋಡಿದ. ಲೈನ್‌ಮನ್‌ಗಳ ಹೆಸರು ಓದುವಾಗ ಅವಳು ಕರಿಯನ ಹೆಸರನ್ನು ಸ್ವಲ್ಪ ಗಟ್ಟಿಯಾಗಿಯೇ ಓದಿದಳು, ಹೊರಗೆ ಏಣಿ ಗೋಡೆಗೆ ತಾಗಿದ ಸದ್ದಾಯಿತು. ಎಲ್ಲ ಸರಿ ಇತ್ತು. ಪ್ರೇಮಣ್ಣನ ಮೊಣಕಾಲು ಮಾತ್ರ ಮೇಜಿನಡಿಯಲ್ಲಿ ಹೊಲಿಗೆ ಮಿಷನ್ನಿನ ಹಾಗೆ ಆಡುತ್ತಿತ್ತು, ಚಾ ಲೋಟ ಅದಕ್ಕೆ ತಾಳ ಹಾಕುತ್ತಿತ್ತು.

ಆಮೇಲೆ ಅವಳು ಲ್ಯಾಪ್‌ಟಾಪ್ ಮುಚ್ಚಿದಳು.

“ಒಂದ್ ಮಾತ್ ಇತ್ತ್ ಪ್ರೇಮಣ್ಣ. ಕೊಚ್ಚಿಯರಿಗೆ ಒಂದೇ ಹೆದ್ರಿಕೆ. ಒಂದ್ಸಲ ಬ್ಯಾಡ ಅಂದ ಜನ, ಈ ಸಲ ಮಧ್ಯದಗೆ ಬಿಟ್ ಹೋತ್ರಾ ಅಂದೇಳಿ. ನೀವ್ ಎಲ್ಲಾ ಕಡೆ ಒಂದೊಂದ್ ಕಾರಣ ಹೇಳ್ದದ್ದ್ ಅವ್ರಿಗೂ ಹೋಯಿ ಮುಟ್ಟಿತ್. ನಾ ಈಗ ಅವ್ರಿಗೆ ಒಂದ್ ಮಾತ್ ಹೇಳ್ಕ್. ಈ ಜನವನ್ನ ನಂಬ್ಲಕ್ಕಾ, ನಂಬುಕಾಗ್ದಾ ಅಂದೇಳಿ.”

ಪ್ರೇಮಣ್ಣ ಎದ್ದು ನಿಂತ. ಮತ್ತೆ ಕೂತ. ಕಾಲಮೇಲೆ ಕಾಲು ಹಾಕಿದ. ನಾನು ಬರೆದುಕೊಟ್ಟ ಇಂಗ್ಲಿಷಿನ ಮೊದಲ ಮಾತು ಹೊರಗೆ ಬಂತು, ಎರಡನೆಯದ್ದೂ ಬಂತು. ‘ಆದ್ಯತೆ’ಯ ಹತ್ತಿರ ಬಂದು ನಿಂತುಹೋಯಿತು. ಅವನು ನನ್ನ ಕಡೆ ನೋಡಿದ. ನಾನು ತುಟಿಯಲ್ಲೇ ಹೇಳಿಕೊಟ್ಟೆ. ಅವನಿಗೆ ಕಾಣಲಿಲ್ಲ, ಅಥವಾ ಕಂಡೂ ಬೇಡವಾಯಿತು. ಮೇಲಿದ್ದ ಕಾಲು ಮೆಲ್ಲನೆ ಕೆಳಗಿಳಿಯಿತು. ಹೊಲಿಗೆ ಮಿಷನ್ನು ನಿಂತಿತು. ಅವನು ಅಷ್ಟು ಅಲ್ಲಾಡದೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಪೂಜಿತಾಳ ದನಿ ತಗ್ಗಿತು. ಈ ಸಲ ಕೇಳಿದ್ದು ಕೊಚ್ಚಿಯವರಲ್ಲ, ಜಲಜಕ್ಕನ ಮಗಳು.

“ಇಂಗ್ಲಿಷ್ ಬ್ಯಾಡ ಪ್ರೇಮಣ್ಣ. ಅವತ್ ನಾ ಬಂದ್ ಅಷ್ಟ್ ಕೇಂಡ್ರೂ ನೀವ್ ಎಂತಕ್ ಬ್ಯಾಡ ಅಂದ್ರಿ?”

“ಬ್ಯಾಡ ಅಂದದ್ ಯಾರ್ ಮಾರಾಯ್ತಿ?” ಎಂದ ಪ್ರೇಮಣ್ಣ. “ಕಾಂಬ ಅಂದಿದ್ನಲೆ. ನೀ ನಾಳೆ ಬತ್ತೆ ಅಂದೇಳಿ ಕಾಣೆ ಸೈತ ತರ್ಸಿಟ್ಟಿದ್ದೆ.”